ನಲವತ್ತೇಳನೆಯ ಬಳೆ

ಇಳಕಲ್ಲು, ಎರಡನೆಯ ಬೇಸಿಗೆ, ಕ್ರಿ.ಶ. ೨೨೧೯

ನನ್ನ ಮುತ್ತಜ್ಜಿಯ ಮುತ್ತಜ್ಜಿ, ಮುತ್ತಜ್ಜರಿಗೆ ನಿಂಬೆವ್ವ ಮಾಡುವ ಶರಣು.

ನೀವು ನನಗೆ ಹಿರಿಯರು. ಆದರೆ ಈ ಕಾಗದ ಮುಟ್ಟುವಾಗ ನಿಮಗೆ ಮೂವತ್ತೂ ತುಂಬಿರಲಿಕ್ಕಿಲ್ಲ, ನನಗೋ ತೊಂಬತ್ತು ದಾಟಿದೆ. ಮಕ್ಕಳೇ ಎಂದರೆ ಸಿಟ್ಟಾಗಬೇಡಿ. ಮಾತು ವಿಚಿತ್ರವೆನಿಸಿದರೂ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಸೀರೆ ಅಂಗಡಿಗಳ ಹಳೇ ಫಲಕ, ಲಗ್ನಪತ್ರಿಕೆ ಓದಿ ಓದಿ ಕಲಿತವಳು.

ನಾವೀಗ ನೆಲಮನೆಗಳಲ್ಲಿದ್ದೇವೆ. ವರ್ಷಕ್ಕೆ ಎರಡು ಸಲ ಬರುವ ಬೇಸಿಗೆಯ ಬಿಸಿಲಿಗೆ ಹೆದರಿ ಬಂಡೆಯೊಳಗೆ ಕೊರೆದುಕೊಂಡ ಮನೆಗಳು ಇವು. ಹೊತ್ತು ಇಳಿದ ಮೇಲೆಯೇ ಮಗ್ಗ ಸದ್ದು ಮಾಡುತ್ತದೆ, ಸಂತೆಯೂ ಆಗಲೇ. ಬಸುರಿಗೆ ಬಳೆ ತೊಡಿಸುವುದನ್ನು ಮಾತ್ರ ಬಿಟ್ಟಿಲ್ಲ, ಅದಕ್ಕೆ ಎಣಿಕೆಬಳೆ ಎನ್ನುತ್ತೇವೆ. ತಾಯಿಯ ರಕ್ತ ನೋಡಿ ಮಗುವಿನ ಕ್ರೋಮೋಸೋಮುಗಳನ್ನು ಎಣಿಸುತ್ತಾರೆ. ನಲವತ್ತಾರು ಇದ್ದರೆ ಕೈಗೆ ಇಪ್ಪತ್ತಮೂರರಂತೆ ಹಸಿರು ಬಳೆ, ಹೋಳಿಗೆ, ಹಾಡು. ಒಂದು ಹೆಚ್ಚೋ ಕಡಿಮೆಯೋ ಆದರೆ ಬಳೆಗಾರ ಬರುವುದೇ ಇಲ್ಲ, ಕೆಲವು ದಿನಗಳಲ್ಲಿ ಬಸುರೂ ಉಳಿದಿರುವುದಿಲ್ಲ. ಹೀಗೆಂದು ಕಾನೂನು ಯಾರೂ ಮಾಡಲಿಲ್ಲ. ಬರಿಗೈ ಸಾಕಾಯಿತು.

ಆಮೇಲೆ ಎಣಿಕೆ ತಪ್ಪಿದ ಮಕ್ಕಳು ಹುಟ್ಟುವುದೇ ನಿಂತಾಗ ನಮ್ಮವರು ರೋಗದ ಬೇರು ಕಿತ್ತೆವೆಂದು ಬೀಗಿದರು. ಅದಕ್ಕೆ ಬೇರೆಂಬುದು ಎಲ್ಲಿತ್ತು? ಅಂಡಾಣು ಭಾಗವಾಗುವಾಗ ಒಂದು ಎಳೆ ಜಾರುತ್ತದೆ. ಯಾರ ಮನೆಯಲ್ಲಾದರೂ, ಯಾವಾಗ ಬೇಕಾದರೂ. ಇಷ್ಟನ್ನು ನೇಯುವವರಾದ ನಾವೇ ಮರೆತೆವು.

ಹಾಗೆ ನನ್ನ ಮೊಮ್ಮಗಳು ಚಂಪಕ್ಕನ ಎಣಿಕೆ ನಲವತ್ತೇಳು ಬಂತು. ಎರಡಿರಬೇಕಾದ ಇಪ್ಪತ್ತೊಂದನೆಯದು ಮೂರು. ನಿಮ್ಮ ಕಾಲದಲ್ಲಿ ಇದಕ್ಕೆ ಡೌನ್ ಸಿಂಡ್ರೋಮ್ ಎಂಬ ಹೆಸರಿತ್ತಂತೆ. ನಮ್ಮಲ್ಲಿ ಹೆಸರೂ ಉಳಿದಿಲ್ಲ. ಅವಳು ತಾನೇ ಸಂತೆಗೆ ಹೋಗಿ ಬಳೆ ಕೊಂಡು, ತಾನೇ ತೊಟ್ಟು, ಓಣಿಯ ನಡುವೆ ಕೈಬೀಸಿಕೊಂಡು ಬಂದಳು. ಪಕ್ಕದ ಮನೆಯ ಶಂಕ್ರೆವ್ವ ಬಿಡುತ್ತಾಳೆಯೇ? "ಏ ಚಂಪಾ, ಎಡಗೈಗೆ ಒಂದು ಹೆಚ್ಚಾತಲ್ಲ? ಲೆಕ್ಕ ಬರಂಗಿಲ್ಲೇನ ನಿನಗ?" ಎಂದಳು. "ಬರತೈತಿ ಅತ್ತಿ. ನನ್ನ ಕೂಸಿನ ಲೆಕ್ಕಾನ ಅದು" ಎಂದಳು ನಮ್ಮ ಹುಡುಗಿ. ನಾನು ಬಾಗಿಲಲ್ಲಿ ನಿಂತು ಜೋರಾಗಿ ನಕ್ಕೆ. ಆಮೇಲೆ ನಗು ಬರಲಿಲ್ಲ.

ಕೂಸಿಗೆ ಪಾರಿ ಎಂದು ಕರೆದೆವು. ಈಗ ಐದು ತಿಂಗಳು. ಎತ್ತಿಕೊಂಡರೆ ಹಿಂಜಿದ ಹತ್ತಿಯಂತೆ ಮೈಗೆ ಒರಗುತ್ತಾಳೆ, ನನ್ನ ಮೂಗುತಿ ಕಂಡರೆ ನಾಲಿಗೆ ಹೊರಗಿಟ್ಟು ನಗುತ್ತಾಳೆ. ಆದರೆ ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಹಣೆ ಬೆವರಿ ದಣಿದುಬಿಡುತ್ತಾಳೆ. ಅವಳ ಎದೆಯಲ್ಲಿ ಕೋಣೆಗಳ ನಡುವಿನ ಗೋಡೆ ಪೂರಾ ಕೂಡಿಲ್ಲ. ನಿಮ್ಮ ಡಾಕ್ಟರರು ಅದನ್ನು ಹೊಲಿಯುತ್ತಿದ್ದರು, ಆ ಮಕ್ಕಳು ದೊಡ್ಡವರಾಗಿ ಶಾಲೆಗೆ ಹೋಗುತ್ತಿದ್ದರು. ಇಲ್ಲಿ ಅಂಥ ಎದೆ ಹುಟ್ಟುವುದೇ ನಿಂತಿದ್ದರಿಂದ ಹೊಲಿಯುವ ಕೈಗಳೂ ನಿಂತವು. ನಮ್ಮ ಡಾಕ್ಟರ್ ಹುಡುಗ ಒಳ್ಳೆಯವನು, ಸುಳ್ಳು ಹೇಳಲಿಲ್ಲ. "ಆಯಿ, ನಮ್ಮ ಗುರುಗಳಿಗೂ ಇದು ಬರ್ತಿರಲಿಲ್ಲ. ನಾ ಕೈ ಹಾಕಿದ್ರ ಕೊಂದಂಗ" ಎಂದು ಕಣ್ಣು ಒರೆಸಿಕೊಂಡ.

ಎಣಿಸಬೇಡಿ ಎನ್ನಲು ನಾನು ಬರೆಯುತ್ತಿಲ್ಲ. ಯಾವ ತಾಯಿ ಏನು ತೀರ್ಮಾನಿಸಿದಳೆಂದು ಕೇಳಲು ನಾನ್ಯಾರು? ನನ್ನ ಬೇಡಿಕೆ ಒಂದೇ. ಇವತ್ತು ನಿಮ್ಮೂರಿನ ಯಾವುದೋ ಆಸ್ಪತ್ರೆಯಲ್ಲಿ ಇಂಥದೇ ಒಂದು ಪುಟ್ಟ ಎದೆಗೆ ಹೊಲಿಗೆ ಬೀಳುತ್ತಿರಬಹುದು. ಪಕ್ಕದಲ್ಲಿ ಒಬ್ಬಳನ್ನು ನಿಲ್ಲಿಸಿ ಕಲಿಸಿ. ಅವಳು ಇನ್ನೊಬ್ಬಳಿಗೆ ಕಲಿಸಲಿ. ಮಕ್ಕಳು ಕಡಿಮೆಯಾದರೂ ಕಲಿಸುವುದು ನಿಲ್ಲದಿರಲಿ, ಆ ಸಾಲು ಇಲ್ಲಿಯ ತನಕ ಬರಲಿ. ಇನ್ನೂರು ವರ್ಷ ದೂರ ನಿಂತು ಬೇಗ ಎನ್ನುತ್ತಿದ್ದೇನೆ, ಮುದುಕಿಗೆ ತಲೆ ಕೆಟ್ಟಿದೆ ಎನ್ನಿ. ಪಾರಿಯ ತುಟಿ ಇವತ್ತು ಬೆಳಗಿನಿಂದ ನೀಲಿಯಾಗಿದೆ. ಬೇಗ.