ಡಬ್ಬದ ಮೇಲಿನ ತಗ್ಗು

ಅಳತೆ ಕಚೇರಿಯ ಎಂಜಿನಿಯರ್ ಸಾಹೇಬರಿಗೆ ನಮಸ್ಕಾರ.

ಹೋದ ವಾರ ನಮ್ಮ ಹಿತ್ತಲಿನಿಂದ ಜಜ್ಜಿಹೋದ ಖಾಲಿ ಎಣ್ಣೆ ಡಬ್ಬವನ್ನು ತೆಗೆದುಕೊಂಡು ಹೋದವರು ನೀವೇ. "ಅಮ್ಮಾ, ಡಬ್ಬ ಎಷ್ಟು ನೆಗ್ಗಿದೆ ಅಂತ ಅಳೆದರೆ ಊರಿನ ಮೇಲೆ ಬಿದ್ದ ಬಾಂಬಿನ ಶಕ್ತಿ ಗೊತ್ತಾಗತ್ತೆ. ಎಷ್ಟು ಸಾವಿರ ಟನ್ ಸಿಡಿಮದ್ದಿಗೆ ಸಮ ಅಂತ ಹೇಳಬಹುದು" ಎಂದಿರಿ. ಆ ಡಬ್ಬದ ಬಗ್ಗೆ ಒಂದು ವಿಷಯ ತಿಳಿಸಲು ಈ ಕಾಗದ.

ಡಬ್ಬದ ಬದಿಗಳಲ್ಲಿರುವ ತಗ್ಗುಗಳೆಲ್ಲ ಬಾಂಬಿನವೇ. ಮೇಲಿನ ತಗ್ಗು ಮಾತ್ರ ಬಾಂಬಿನದಲ್ಲ. ನನ್ನ ಮಗಳು ದಿನಾ ಬೆಳಿಗ್ಗೆ ಅದರ ಮೇಲೆ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು. ಅವಳ ಅಜ್ಜಿ ಅವಳನ್ನು ಕಡ್ಡಿ ಪೈಲ್ವಾನ್ ಎಂದೇ ಕರೆಯುತ್ತಿದ್ದರು. ಅಂಥವಳು ಕೂತರೆ ಡಬ್ಬ ನೆಗ್ಗುತ್ತದೆಯೇ ಎಂದು ನೀವು ಕೇಳಬಹುದು. ಅವಳು ಸುಮ್ಮನೆ ಕೂರುವವಳಲ್ಲ. ಬಾಚಣಿಗೆ ಸಿಕ್ಕಿಗೆ ತಾಗಿದರೆ ಸಾಕು, "ಅಮ್ಮಾ, ನೋಯತ್ತೆ!" ಎಂದು ಎಗರಿ ಎಗರಿ ಬೀಳುತ್ತಿದ್ದಳು. "ಡಬ್ಬ ಹಾಳಾಗತ್ತೆ ಕಣೇ" ಎಂದು ನಾನು ಬೈಯುತ್ತಿದ್ದೆ.

ಅಳತೆ ಮುಗಿದ ಮೇಲೆ ಅದನ್ನು ವಾಪಸ್ ಕಳಿಸಿಕೊಡಿ. ನಾನೀಗ ಶಾಲೆಯ ಕಟ್ಟಡದಲ್ಲಿ, ಮನೆ ಕಳೆದುಕೊಂಡ ಉಳಿದವರ ಜೊತೆ ಇದ್ದೇನೆ. ದಯವಿಟ್ಟು ತಟ್ಟಿ ಸರಿಮಾಡಬೇಡಿ. ಪಾಪ ಎಂದು ಹೊಸ ಡಬ್ಬವನ್ನೂ ಕೊಡಬೇಡಿ. ಅವಳದೆಂದು ನನಗೆ ಉಳಿದಿರುವುದು ಅದೊಂದೇ.

ನೀವು ಬರೆಯುವ ಸಂಖ್ಯೆಯನ್ನು ಬೇರೆ ಬಾಂಬುಗಳ ಜೊತೆ ಇಟ್ಟು, ಯಾವುದು ದೊಡ್ಡದು ಎಂದು ನೋಡುತ್ತಾರಂತೆ. ನೋಡಲಿ, ಅದು ಅವರ ಕೆಲಸ. ಆದರೆ ಮೇಲಿನ ಆ ತಗ್ಗನ್ನು ಮೊದಲು ಕಳೆದುಬಿಡಿ. ನನ್ನ ಮಗಳ ಭಾರವನ್ನು ಬಾಂಬಿನ ಲೆಕ್ಕಕ್ಕೆ ಸೇರಿಸಬೇಡಿ.

ಇಂತಿ,
ಅವಳ ತಾಯಿ