ಗೋಣಿಚೀಲ ಹೊದಿಸಿದ ಬೋರ್ಡು

ಅಕ್ಕಾ,

ನೀನು ತೋಟದಿಂದ ಬರೋದರೊಳಗೆ ನಾನು ಚಾಮರಾಜನಗರದ ಬಸ್ಸು ಹತ್ತಿರ್ತೀನಿ. ಹಂಗಳದವರು ಕೊಳೆತ ಅರಿಶಿನದ ಗೆಡ್ಡೆ ತರ್ತಾರೆ, ನೀನೇ ನೋಡಿ ಔಷಧಿ ಹೇಳು. ಜಗಲಿ ಮೇಲಿರೋ ಬೋರ್ಡಿನ ಗೋಣಿಚೀಲ ಮಾತ್ರ ಬಿಚ್ಚಬೇಡ.

ಯಾಕೆ ಅಂತ ಹೇಳೇಬುಡ್ತೀನಿ. ನಮ್ಮ ಕೃಷಿ ಸಲಹಾ ಕೇಂದ್ರ ಇಬ್ಬರ ಪಾಲುದಾರಿಕೆ ಅಂತ ತಾನೆ ಮಾತಾಡ್ಕೊಂಡಿದ್ದು? ನೋಂದಣಿ ಮಾಡಿಸೋಕೆ ಹೋದಾಗ ಆಡಿಟರು "ನಿಮ್ಮಕ್ಕ ಏನು ಓದವ್ರೆ?" ಅಂದ್ರು. ನಾಲ್ಕನೇ ಕ್ಲಾಸು ಅನ್ನೋಕೆ ನಂಗೆ ನಾಚಿಕೆ ಆಯ್ತು ಕಣಕ್ಕ. "ಅವರು ಮನೇಲಿರ್ತಾರೆ, ನನ್ನೊಬ್ಬನ ಹೆಸರಲ್ಲೇ ಮಾಡಿ" ಅಂದ್ಬುಟ್ಟೆ. ಬೋರ್ಡಲ್ಲೂ ಹಂಗೇ ಬರೆಸ್ದೆ. ನಿನ್ನೆ ಭೀಮನಬೀಡಿನ ನಾಗಯ್ಯ ಬಂದು, ನಾನು ಕುರ್ಚಿ ಮೇಲೆ ಕೂತಿದ್ರೂ "ಅಕ್ಕಾವ್ರು ಇಲ್ವಾ?" ಅಂತ ನನ್ನೇ ಕೇಳ್ದ. ತಲೆ ಎತ್ತೋಕಾಗಲಿಲ್ಲ. ಇವತ್ತು ಪಾಲುದಾರಿಕೆ ಪತ್ರ ಬರೆಸ್ಕೊಂಡು ಬರ್ತೀನಿ, ನೀನು ರುಜು ಹಾಕ್ಬೇಕು.

ಇಷ್ಟು ಬರೆದು ಚಪ್ಪಲಿ ಮೆಟ್ಟೋಕೆ ಜಗಲಿಗೆ ಹೋದೆ. ಚೀಲಕ್ಕೆ ನಾನು ಹಾಕಿದ್ದು ಒಂದೇ ಗಂಟು. ಈಗ ಎರಡಿವೆ. ಎರಡನೇದು ನೀನು ಹುಲ್ಲಿನ ಹೊರೆಗೆ ಹಾಕೋ ಗಂಟು. ಆಗಲೇ ಬಿಚ್ಚಿ ನೋಡ್ಬುಟ್ಟು ಮತ್ತೆ ಕಟ್ಟಿದ್ದೀಯ. ನೋಡಿದ ಮೇಲೂ ನಂಗೆ ರೊಟ್ಟಿ ಕಟ್ಟಿಟ್ಟಿದ್ದೀಯ.

ಯಾವ ಮುಖ ಇಟ್ಕೊಂಡು ಈ ಬುತ್ತಿ ಬಿಚ್ಚಲಿ ಅಕ್ಕ?

ದೊರೆಸ್ವಾಮಿ