ಚಿಕ್ಕಮ್ಮ ಕೊಟ್ಟ ಹವಳ

ಅಮ್ಮಾ, ನಮಸ್ಕಾರ. ಕಾರ್ಡು ಚಿಕ್ಕದು, ಸುದ್ದಿ ದೊಡ್ಡದು.

ಹವಳದ ಮಣಿಗೆ ತೂತು ಕೊರೆಯುವ ಕೆಲಸಕ್ಕೆ ಕೈ ಪಳಗಿದೆ, ಕಣ್ಣುರಿಯೂ ಇಳಿದಿದೆ. ಇಂದು ನಮ್ಮ ಮೇಸ್ತ್ರಿ ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ ತೋರಿಸಿದರು. ಒಣಕಡ್ಡಿಯಂತಿದ್ದ ಕೆಂಪು ಕೊಂಬೆ. ನೀರಿಗೆ ಆಹಾರ ಬಿದ್ದದ್ದೇ ತಡ, ಮೈತುಂಬ ಬಿಳಿ ಹೂ ಬಿಟ್ಟಿತು! "ಹೂವಲ್ಲಮ್ಮಾ, ಅವೆಲ್ಲ ಪುಟ್ಟ ಪುಟ್ಟ ಜೀವಗಳ ಬಾಯಿ," ಅಂದರು. ನಾನು ಗಾಜಿಗೆ ಮೂಗು ಒತ್ತಿ ನೋಡಿದೆ. ಅಷ್ಟು ಜೀವಗಳು ಕೂಡಿ ಕಟ್ಟಿದ್ದನ್ನು ನೀನು ಕೊರಳಲ್ಲಿ ಹಾಕಿಕೊಂಡಿದ್ದೆ.

ಆ ಸರ ನಿಂಬೆರಸದಲ್ಲಿ ತೊಳೆದಾಗ ಮಂಕಾಯಿತೆಂದು, "ತಂಗಿಯಾಗಿ ನಕಲಿ ಕೊಟ್ಲು" ಅಂತ ಚಿಕ್ಕಮ್ಮನ ಜೊತೆ ಮಾತು ಬಿಟ್ಟೆಯಲ್ಲ? ಮೇಸ್ತ್ರಿಯನ್ನು ಕೇಳಿದೆ. ಹುಳಿಗೆ ಗಾಜಿನ ಮಣಿ ಜಗ್ಗುವುದಿಲ್ಲವಂತೆ. ಮಂಕಾಗುವುದು ಅಸಲಿ ಹವಳವೇ.

ಜಾಗ ಮುಗಿಯಿತು. ಚಿಕ್ಕಮ್ಮನ ಮನೆಗೆ ಹೋಗುವಾಗ ಅದೇ ಸರ ಹಾಕಿಕೊಂಡು ಹೋಗು.

ನಿನ್ನ ಮಗಳು